ಮೊದಲು ಕಂಪನಿಯ ಮ್ಯಾಚಿಂಗ್, ಆಮೇಲೆ ಡಿಎಎಫ್: ಅಮೆರಿಕದಲ್ಲಿ ದುಡಿಯುವ ಕನ್ನಡಿಗರಿಗೆ ದಾನದ ಸಮಗ್ರ ಮಾರ್ಗದರ್ಶಿ

ಕೆಲವು ವರ್ಷಗಳ ಹಿಂದೆ ನಾನು ದಾನಕ್ಕೆಂದೇ ಹಣ ತೆಗೆದಿಡುವ ನನ್ನ ಡೋನರ್ ಅಡ್ವೈಸ್ಡ್ ಫಂಡ್ (ಡಿಎಎಫ್) ಖಾತೆಯಿಂದ ಮಕ್ಕಳ ಓದಿಗೆ ನೆರವಾಗುವ ಸಂಸ್ಥೆಯೊಂದಕ್ಕೆ 3,000 ಡಾಲರ್ ಕೊಡಿಸಿ, ಅಷ್ಟೇ ಮೊತ್ತವನ್ನು ಕಂಪನಿಯೂ ಸೇರಿಸಲಿ ಎಂದು ಮ್ಯಾಚಿಂಗ್ ಅರ್ಜಿ ಹಾಕಿದೆ. ಹತ್ತು ದಿನಗಳ ಮೇಲೆ ಬಂದ ಉತ್ತರ ಒಂದೇ ಸಾಲಿನದು: ಈ ದಾನವನ್ನು ಕೊಟ್ಟವರು ಉದ್ಯೋಗಿಯಲ್ಲ, ಆದ್ದರಿಂದ ಅರ್ಜಿಯನ್ನು ತಿರಸ್ಕರಿಸಲಾಗಿದೆ. ಕಂಪನಿಯ ನಿಯಮಾವಳಿಯನ್ನು ತೆರೆದು ನೋಡಿದರೆ ಆ ಮಾತು ಮೊದಲಿನಿಂದಲೂ ಅಲ್ಲಿತ್ತು, ನಾನು ಓದಿರಲಿಲ್ಲ. ಆ ಸಂಸ್ಥೆಯ ಕೈ ಸೇರಬಹುದಾಗಿದ್ದ ಇನ್ನೊಂದು 3,000 ಡಾಲರ್ ಹಾಗೆ ತಪ್ಪಿತು. ಅದೇ ಹಣವನ್ನು ನನ್ನ ಕ್ರೆಡಿಟ್ ಕಾರ್ಡಿನಿಂದ ಕಂಪನಿಯ ಪೋರ್ಟಲ್ ಮೂಲಕ ಕೊಟ್ಟಿದ್ದರೆ ಯಾರೂ ಒಂದು ಪ್ರಶ್ನೆಯನ್ನೂ ಕೇಳುತ್ತಿರಲಿಲ್ಲ.

ಈ ಮಾರ್ಗದರ್ಶಿಯನ್ನು ಬರೆಯಲು ಕಾರಣ ಆ ಅನುಭವವೇ. ಸಂಬಳದ ಜೊತೆಗೆ ಷೇರುಗಳನ್ನೂ ಪಡೆಯುವ ನಮ್ಮವರು ಅನೇಕರು ತೆರಿಗೆ ಉಳಿತಾಯದ ಮಾತು ಕೇಳಿ ನೇರವಾಗಿ ಡಿಎಎಫ್ ಖಾತೆ ತೆರೆಯುತ್ತಾರೆ, ಕಂಪನಿಯ ಮ್ಯಾಚಿಂಗ್ ಎಂಬುದು ಆಮೇಲೆ ನೆನಪಾಗುತ್ತದೆ. ಅನುಕ್ರಮ ಇದಕ್ಕೆ ವಿರುದ್ಧವಾಗಿರಬೇಕು. ಏಕೆ ಎಂಬುದನ್ನು ಮುಂದೆ ಲೆಕ್ಕದೊಂದಿಗೇ ತೋರಿಸುತ್ತೇನೆ.

ಮೊದಲ ಹೆಜ್ಜೆ: ಕಂಪನಿಯ ನಿಯಮಾವಳಿಯನ್ನು ಪೂರ್ತಿ ಓದಿ

ಉದ್ಯೋಗಿ ಕೊಟ್ಟ ದಾನಕ್ಕೆ ಕಂಪನಿಯೂ ಹಣ ಸೇರಿಸುವ ಪದ್ಧತಿಯನ್ನು 1954ರಲ್ಲಿ ಜನರಲ್ ಎಲೆಕ್ಟ್ರಿಕ್ ಆರಂಭಿಸಿತು. ಆಗ ಅದು ಉದ್ಯೋಗಿಗಳು ತಾವು ಓದಿದ ಕಾಲೇಜುಗಳಿಗೆ ಕೊಡುವ ದಾನಕ್ಕೆ ಸೀಮಿತವಾಗಿತ್ತು. ಇಂದು ಬಹುತೇಕ ದೊಡ್ಡ ತಂತ್ರಜ್ಞಾನ ಕಂಪನಿಗಳಲ್ಲಿ ಈ ಸೌಲಭ್ಯವಿದೆ. ಉದಾಹರಣೆಗೆ ಮೈಕ್ರೋಸಾಫ್ಟ್ ಅಮೆರಿಕದ ತನ್ನ ಉದ್ಯೋಗಿಗಳಿಗೆ ವರ್ಷಕ್ಕೆ 15,000 ಡಾಲರ್‌ವರೆಗೆ ಮ್ಯಾಚಿಂಗ್ ಕೊಡುತ್ತಾ ಬಂದಿದೆ. ಉಳಿದ ಕಂಪನಿಗಳ ಮಿತಿ ಕೆಲವು ನೂರು ಡಾಲರುಗಳಿಂದ ಹಿಡಿದು ಹತ್ತಾರು ಸಾವಿರದವರೆಗೆ ಇರುತ್ತದೆ.

ನಿಯಮಾವಳಿಯಲ್ಲಿ ಹುಡುಕಬೇಕಾದ ವಿಷಯಗಳು ಕೆಲವಿವೆ. ವಾರ್ಷಿಕ ಮಿತಿ ಎಷ್ಟು, ಒಂದು ಡಾಲರಿಗೆ ಒಂದೇ ಡಾಲರೋ ಅರ್ಧ ಡಾಲರೋ, ಒಂದು ದಾನ ಕನಿಷ್ಠ ಎಷ್ಟಿರಬೇಕು ಎಂಬುದನ್ನು ಎಲ್ಲರೂ ನೋಡುತ್ತಾರೆ. ಎಲ್ಲರೂ ಬಿಟ್ಟುಬಿಡುವುದು ಅರ್ಜಿಯ ಕೊನೆಯ ದಿನಾಂಕವನ್ನು. ಕೆಲವು ಕಂಪನಿಗಳಲ್ಲಿ ದಾನ ಕೊಟ್ಟ ದಿನದಿಂದ ಇಂತಿಷ್ಟು ತಿಂಗಳ ಅವಕಾಶವಿದ್ದರೆ, ಮತ್ತೆ ಕೆಲವು ಕಡೆ ಮರುವರ್ಷದ ಜನವರಿ ಮುಗಿಯುವುದರೊಳಗೆ ಹಿಂದಿನ ವರ್ಷದ ಬಾಗಿಲು ಮುಚ್ಚುತ್ತದೆ. ದೇವಸ್ಥಾನ, ಮಠ, ಚರ್ಚುಗಳಂಥ ಧಾರ್ಮಿಕ ಸಂಸ್ಥೆಗಳಿಗೆ ಕೊಟ್ಟದ್ದನ್ನು ಅನೇಕ ಕಂಪನಿಗಳು ಮ್ಯಾಚ್ ಮಾಡುವುದಿಲ್ಲ. ಅದೇ ದೇವಸ್ಥಾನ ನಡೆಸುವ ಅನ್ನದಾಸೋಹಕ್ಕೋ ಉಚಿತ ಚಿಕಿತ್ಸಾಲಯಕ್ಕೋ ಪ್ರತ್ಯೇಕ ನೋಂದಣಿ ಇದ್ದರೆ ಮಾಡಬಹುದು. ಡಿಎಎಫ್‌ನಿಂದ ಹೋದ ಹಣಕ್ಕೆ ಮ್ಯಾಚಿಂಗ್ ಇದೆಯೇ ಎಂಬ ಸಾಲನ್ನು ಮಾತ್ರ ಎರಡು ಸಲ ಓದಿ. ಕೆಲವು ಕಂಪನಿಗಳು ಒಪ್ಪುತ್ತವೆ, ಬಹಳಷ್ಟು ಒಪ್ಪುವುದಿಲ್ಲ. ಕಾನೂನಿನ ಕಣ್ಣಿನಲ್ಲಿ ಆ ಹಣ ನಿಮ್ಮದಲ್ಲ, ಅದನ್ನು ಕೊಡುವುದು ಡಿಎಎಫ್ ನಡೆಸುವ ಸಂಸ್ಥೆ. ಅವರ ಕಾರಣ ಇಷ್ಟೇ.

ಸ್ವಯಂಸೇವೆಯ ಗಂಟೆಗಳಿಗೂ ಹಣ ಕೊಡುವ ಕಂಪನಿಗಳಿವೆ, ಮೈಕ್ರೋಸಾಫ್ಟ್ ಗಂಟೆಗೆ 25 ಡಾಲರ್ ಲೆಕ್ಕದಲ್ಲಿ ಕೊಡುತ್ತಾ ಬಂದಂತೆ. ವಾರಾಂತ್ಯದ ಕನ್ನಡ ಶಾಲೆಯಲ್ಲಿ ಪಾಠ ಹೇಳುವ ಗೆಳೆಯರು ಇದನ್ನು ಗಮನಿಸಬೇಕು. ವಾರಕ್ಕೆ ಎರಡು ಗಂಟೆಯಂತೆ ಮೂವತ್ತು ವಾರ ಅಕ್ಷರ ಕಲಿಸಿದವರು 60 ಗಂಟೆ ದುಡಿದಿರುತ್ತಾರೆ. 25 ಡಾಲರ್ ದರದಲ್ಲಿ ಅದು ಶಾಲೆಗೆ 1,500 ಡಾಲರ್ ತರುತ್ತದೆ. ಶಾಲೆ ಅಥವಾ ಅದನ್ನು ನಡೆಸುವ ಕನ್ನಡ ಕೂಟ ತೆರಿಗೆ ವಿನಾಯಿತಿಯ ದತ್ತಿ ಸಂಸ್ಥೆಯೆಂಬ 501(ಸಿ)(3) ಮಾನ್ಯತೆ ಪಡೆದು ಕಂಪನಿಯ ಪೋರ್ಟಲ್‌ನಲ್ಲಿ ನೋಂದಾಯಿಸಿಕೊಂಡಿರಬೇಕು, ನೀವು ಗಂಟೆಗಳನ್ನು ಆಗಿಂದಾಗ್ಗೆ ನಮೂದಿಸಬೇಕು.

ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು ಎಂಬ ಮಾತು ಕೇಳಿ ಬೆಳೆದ ನಮಗೆ, ಕೊಟ್ಟ ದಾನವನ್ನು ಕಂಪನಿಯ ಪುಟದಲ್ಲಿ ಬರೆದುಕೊಳ್ಳುವುದು ಮುಜುಗರ ತರುತ್ತದೆ. ನನ್ನ ತಂಡದಲ್ಲಿದ್ದ ಹಿರಿಯರೊಬ್ಬರು ವರ್ಷಗಟ್ಟಲೆ ದಾನ ಮಾಡಿಯೂ ಒಂದು ಸಲವೂ ಮ್ಯಾಚಿಂಗ್ ಕೇಳಿರಲಿಲ್ಲ. ಕೇಳಿದರೆ ಹೆಮ್ಮೆಪಟ್ಟಂತಾಗುತ್ತದೆ ಎಂದು ಅವರ ಸಂಕೋಚ. ಅವರ ಭಾವನೆಯನ್ನು ನಾನು ಗೌರವಿಸುತ್ತೇನೆ. ಆದರೆ ಅರ್ಜಿಯಿಂದ ಬರುವ ಹಣ ನಮಗೆ ಬರುವುದಲ್ಲ, ಮಗುವಿನ ಊಟಕ್ಕೋ ಅಜ್ಜಿಯ ಕಣ್ಣಿನ ಶಸ್ತ್ರಚಿಕಿತ್ಸೆಗೋ ಹೋಗುವುದು. ಹೆಸರನ್ನು ಸಂಸ್ಥೆಗೆ ತಿಳಿಸದೆ ಕೊಡುವ ಆಯ್ಕೆ ಪೋರ್ಟಲ್‌ಗಳಲ್ಲಿ ಸಾಮಾನ್ಯವಾಗಿ ಇದ್ದೇ ಇರುತ್ತದೆ.

ಎರಡನೆಯ ಹೆಜ್ಜೆ: ಸಂಸ್ಥೆಯನ್ನು ಪರಿಶೀಲಿಸಿ

ಪ್ರತಿ ದತ್ತಿ ಸಂಸ್ಥೆಗೂ ಇಐಎನ್ ಎಂಬ ಒಂಬತ್ತು ಅಂಕಿಗಳ ತೆರಿಗೆ ಗುರುತಿನ ಸಂಖ್ಯೆ ಇರುತ್ತದೆ. ಒಂದೇ ಬಗೆಯ ಹೆಸರಿನ ಸಂಸ್ಥೆಗಳು ಹಲವಿರುವುದರಿಂದ ಹೆಸರನ್ನು ನಂಬದೆ ಈ ಸಂಖ್ಯೆಯಿಂದ ಹುಡುಕಿ. ಅಮೆರಿಕದ ತೆರಿಗೆ ಇಲಾಖೆಯಾದ ಐಆರ್‌ಎಸ್ ಜಾಲತಾಣದಲ್ಲಿ ತೆರಿಗೆ ವಿನಾಯಿತಿ ಪಡೆದ ಸಂಸ್ಥೆಗಳ ಹುಡುಕು ಪುಟವಿದೆ. ಮಾನ್ಯತೆ ಇನ್ನೂ ಊರ್ಜಿತದಲ್ಲಿದೆಯೇ, ವಾರ್ಷಿಕ ವರದಿಯಾದ ಫಾರ್ಮ್ 990 ಸಲ್ಲಿಕೆಯಾಗಿದೆಯೇ ಎಂಬುದು ಅಲ್ಲಿ ಸಿಗುತ್ತದೆ. ಸತತ ಮೂರು ವರ್ಷ ವಾರ್ಷಿಕ ವರದಿ ಸಲ್ಲಿಸದ ಸಂಸ್ಥೆಯ ಮಾನ್ಯತೆ ತಾನಾಗಿಯೇ ರದ್ದಾಗುತ್ತದೆ. ಸ್ವಯಂಸೇವಕರೇ ನಡೆಸುವ ಚಿಕ್ಕ ಸಂಘಗಳಲ್ಲಿ, ಕಾರ್ಯಕಾರಿ ಸಮಿತಿ ಬದಲಾಗುವಾಗ ಈ ಕೆಲಸ ಕೈತಪ್ಪುವುದುಂಟು.

ಮೂರನೆಯ ಹೆಜ್ಜೆ: ಮ್ಯಾಚಿಂಗ್ ಮಿತಿಯಷ್ಟನ್ನು ನೇರವಾಗಿ ಕೊಡಿ

ಉದ್ಯೋಗಿಗಳ ದಾನ ನಿರ್ವಹಿಸುವ ಬೆನೆವಿಟಿಯಂಥ ಪೋರ್ಟಲ್ ಇರುವ ಕಂಪನಿಗಳಲ್ಲಿ ಕಾರ್ಡಿನಿಂದ ಒಂದೇ ಸಲ ಕೊಡಬಹುದು, ಅಥವಾ ಪ್ರತಿ ಸಂಬಳದಿಂದ ಇಷ್ಟು ಎಂದು ಹಿಡಿಸಬಹುದು. ಸಂಬಳದಿಂದ ಹಿಡಿಯುವುದೇ ನನಗೆ ಮೆಚ್ಚುಗೆ. ಎರಡು ವಾರಕ್ಕೊಮ್ಮೆ 100 ಡಾಲರ್ ಹೋದರೆ ವರ್ಷಕ್ಕೆ 2,600 ಆಗುತ್ತದೆ. ಮ್ಯಾಚಿಂಗ್ ಸಾಮಾನ್ಯವಾಗಿ ತಾನಾಗಿಯೇ ಸೇರುತ್ತದೆ, ಅರ್ಜಿಯ ಗಡುವಿನ ತಲೆನೋವು ಉಳಿಯುವುದಿಲ್ಲ. ಈ ಹಣ ತೆರಿಗೆ ಕಳೆದ ಮೇಲಿನ ಸಂಬಳದಿಂದ ಹೋಗುವಂಥದ್ದು ಎಂಬುದು ನೆನಪಿರಲಿ: ನಿವೃತ್ತಿಗೆಂದು ಹಿಡಿಸುವ 401(ಕೆ) ಉಳಿತಾಯದಂತೆ ತೆರಿಗೆಗೆ ಒಳಪಡುವ ಸಂಬಳವನ್ನು ಇದು ತಗ್ಗಿಸುವುದಿಲ್ಲ.

ಇಲ್ಲಿ ಒಂದು ವಿಷಯ ಹಲವರನ್ನು ಗೊಂದಲಕ್ಕೆ ತಳ್ಳುತ್ತದೆ. ಬೆನೆವಿಟಿ ಮೂಲಕ ಕೊಟ್ಟ ಹಣಕ್ಕೆ ಬರುವ ರಸೀದಿಯನ್ನು ತೆರೆದರೆ ನೀವು ಆರಿಸಿದ ಸಂಸ್ಥೆಯ ಹೆಸರಿನ ಬದಲು ಅಮೆರಿಕನ್ ಆನ್‌ಲೈನ್ ಗಿವಿಂಗ್ ಫೌಂಡೇಶನ್ ಎಂಬ ಹೆಸರು ಕಾಣುತ್ತದೆ. ಇದು ತಪ್ಪಲ್ಲ, ಮೋಸವೂ ಅಲ್ಲ. ಹಣ ಮೊದಲು ಆ ಫೌಂಡೇಶನ್ನಿಗೆ ಸೇರಿ, ಅಲ್ಲಿಂದ ಒಟ್ಟುಗೂಡಿಸಿ ನಿಮ್ಮ ಸಂಸ್ಥೆಗೆ ಹೋಗುತ್ತದೆ. ಆ ಸಂಸ್ಥೆಯಿಂದ ಇನ್ನೊಂದು ತೆರಿಗೆ ರಸೀದಿಯನ್ನು ಕೇಳಬೇಡಿ, ಅವರು ಕೊಡುವಂತಿಲ್ಲ.

ಕಂಪನಿ ಸೇರಿಸಿದ ಮೊತ್ತಕ್ಕೆ ನಿಮಗೆ ತೆರಿಗೆ ಕಡಿತ (ತೆರಿಗೆಗೆ ಒಳಪಡುವ ಆದಾಯದಿಂದ ದಾನವನ್ನು ಕಳೆಯುವ ಸೌಲಭ್ಯ) ಸಿಗುವುದಿಲ್ಲ, ಅದು ಕಂಪನಿಯ ದಾನ. ಹಾಗೆಯೇ ಮಗುವಿನ ಕನ್ನಡ ಶಾಲೆಯ ಶುಲ್ಕ, ಕೂಟದ ದೀಪಾವಳಿ ಕಾರ್ಯಕ್ರಮದ ಊಟದ ಟಿಕೆಟ್ಟು ಇವುಗಳನ್ನು ದಾನವೆಂದು ತೋರಿಸಿ ಮ್ಯಾಚಿಂಗ್ ಕೇಳುವುದು ಸುಳ್ಳು ಹೇಳಿಕೆಯಾಗುತ್ತದೆ. ಇದಕ್ಕಾಗಿ ಕೆಲಸವನ್ನೇ ಕಳೆದುಕೊಳ್ಳುವ ಸಂಭವವಿದೆ. ನಿಮಗೆ ಹಿಂದಕ್ಕೆ ಏನಾದರೂ ಸಿಕ್ಕಿದ್ದರೆ ಅದರ ಬೆಲೆಯನ್ನು ಕಳೆದು ಉಳಿದದ್ದು ಮಾತ್ರ ದಾನ.

ನಾಲ್ಕನೆಯ ಹೆಜ್ಜೆ: ಡಿಎಎಫ್ ನಿಮಗೆ ನಿಜವಾಗಿ ಬೇಕೇ ಎಂದು ಲೆಕ್ಕ ಹಾಕಿ

ಡಿಎಎಫ್ ಎಂದರೆ ದತ್ತಿ ಸಂಸ್ಥೆಯೊಂದರೊಳಗೆ ನಿಮ್ಮ ಹೆಸರಿನಲ್ಲಿರುವ ಒಂದು ಖಾತೆ. ಅದಕ್ಕೆ ಹಾಕಿದ ಹಣ ಆ ಕ್ಷಣದಿಂದ ಆ ಸಂಸ್ಥೆಯದು, ಹಿಂದಕ್ಕೆ ಪಡೆಯಲು ಬರುವುದಿಲ್ಲ. ತೆರಿಗೆ ಕಡಿತ ಹಾಕಿದ ವರ್ಷವೇ ಸಿಗುತ್ತದೆ. ಯಾವ ಸಂಸ್ಥೆಗೆ ಯಾವಾಗ ಕೊಡಬೇಕೆಂದು ನೀವು ನಿಧಾನವಾಗಿ ಸಲಹೆ ನೀಡುತ್ತಾ ಹೋಗಬಹುದು. ಇಂಥ ನಿಧಿಗಳು ನ್ಯೂಯಾರ್ಕ್‌ನಲ್ಲಿ 1931ರಿಂದಲೇ ಇದ್ದರೂ ಅಮೆರಿಕದ ಶಾಸನದಲ್ಲಿ ಅವಕ್ಕೆ ಸ್ಪಷ್ಟ ವ್ಯಾಖ್ಯೆ ದೊರೆತದ್ದು 2006ರ ಪಿಂಚಣಿ ಸಂರಕ್ಷಣಾ ಕಾಯ್ದೆಯಲ್ಲಿ. ಫಿಡೆಲಿಟಿ ಚಾರಿಟಬಲ್, ಹಿಂದೆ ಶ್ವಾಬ್ ಚಾರಿಟಬಲ್ ಆಗಿದ್ದ ಡಿಎಎಫ್‌ಗಿವಿಂಗ್360, ವ್ಯಾನ್‌ಗಾರ್ಡ್ ಚಾರಿಟಬಲ್ ಇವು ದೊಡ್ಡ ಹೆಸರುಗಳು. ಫಿಡೆಲಿಟಿ ಚಾರಿಟಬಲ್‌ನಲ್ಲಿ ಖಾತೆ ತೆರೆಯಲು ಕನಿಷ್ಠ ಮೊತ್ತವಿಲ್ಲ. ಆಡಳಿತ ಶುಲ್ಕ ವರ್ಷಕ್ಕೆ 0.6 ಶೇಕಡಾ ಅಥವಾ 100 ಡಾಲರ್, ಯಾವುದು ಹೆಚ್ಚೋ ಅದು.

ಈಗ ಲೆಕ್ಕ. ವರ್ಷಕ್ಕೆ 3,00,000 ಡಾಲರ್ ಆದಾಯವಿರುವ, ಬಾಡಿಗೆ ಮನೆಯಲ್ಲಿರುವ ಒಂದು ದಂಪತಿಯನ್ನು ಊಹಿಸಿಕೊಳ್ಳಿ. ರಾಜ್ಯ ತೆರಿಗೆ 20,000, ವಾರ್ಷಿಕ ದಾನ 6,000. ಎರಡೂ ಸೇರಿ 26,000. ಆದರೆ 2026ರಲ್ಲಿ ದಂಪತಿಗೆ ಸ್ಟ್ಯಾಂಡರ್ಡ್ ಡಿಡಕ್ಷನ್ನೇ, ಅಂದರೆ ಖರ್ಚಿನ ಪಟ್ಟಿ ಕೊಡದೆಯೂ ಸಿಗುವ ಕಡಿತವೇ, 32,200 ಡಾಲರ್. ಆದ್ದರಿಂದ ವಿವರವಾಗಿ ಪಟ್ಟಿ ಕೊಟ್ಟು ಪ್ರಯೋಜನವಿಲ್ಲ. ನಾಲ್ಕು ವರ್ಷದ ದಾನವನ್ನು ಒಟ್ಟುಮಾಡಿ 24,000 ಡಾಲರನ್ನು ಒಂದೇ ವರ್ಷ ಡಿಎಎಫ್‌ಗೆ ಹಾಕಿದರೆ ಚಿತ್ರ ಬದಲಾಗುತ್ತದೆ. 2025ರ ಜುಲೈ 4ರಂದು ಸಹಿಯಾದ ಕಾಯ್ದೆಯ ಪ್ರಕಾರ 2026ರಿಂದ ಆದಾಯದ 0.5 ಶೇಕಡಾದಷ್ಟು ದಾನ ಲೆಕ್ಕಕ್ಕೆ ಬರುವುದಿಲ್ಲ; ಇಲ್ಲಿ ಅದು 1,500. ಉಳಿದ 22,500ಕ್ಕೆ ರಾಜ್ಯ ತೆರಿಗೆ ಕೂಡಿಸಿದರೆ 42,500, ಅಂದರೆ ಸ್ಟ್ಯಾಂಡರ್ಡ್ ಡಿಡಕ್ಷನ್ನಿಗಿಂತ 10,300 ಹೆಚ್ಚು. 24 ಶೇಕಡಾ ದರದಲ್ಲಿ ಉಳಿಯುವ ತೆರಿಗೆ 2,472 ಡಾಲರ್.

ಈ ಮೊತ್ತವನ್ನು ಎರಡು ಸಂಗತಿಗಳ ಪಕ್ಕದಲ್ಲಿಟ್ಟು ನೋಡಬೇಕು. ಒಂದು: ಅದೇ ಕಾಯ್ದೆ 2026ರಿಂದ ವಿವರ ಪಟ್ಟಿ ಕೊಡದವರಿಗೂ ನಗದು ದಾನಕ್ಕೆ ಒಬ್ಬರಿಗೆ 1,000, ದಂಪತಿಗೆ 2,000 ಡಾಲರ್ ಕಡಿತ ನೀಡುತ್ತದೆ, ಡಿಎಎಫ್‌ಗೆ ಹಾಕಿದ ಹಣಕ್ಕೆ ಇದು ಅನ್ವಯಿಸುವುದಿಲ್ಲ. ಪ್ರತಿ ವರ್ಷ ನೇರವಾಗಿಯೇ ಕೊಡುತ್ತಾ ಹೋದರೆ ನಾಲ್ಕು ವರ್ಷದಲ್ಲಿ 8,000ದ ಮೇಲೆ 1,920 ಡಾಲರ್ ಉಳಿಯುತ್ತದೆ. ಪೋರ್ಟಲ್‌ನ ರಸೀದಿಯಲ್ಲಿ ಡೋನರ್ ಅಡ್ವೈಸ್ಡ್ ಎಂಬ ಪದವಿದ್ದರೆ ಈ ಕಡಿತ ಸಿಗುತ್ತದೆಯೇ ಎಂದು ತೆರಿಗೆ ಸಲಹೆಗಾರರನ್ನು ಮೊದಲೇ ಕೇಳಿ. ಎರಡು: ಕಂಪನಿ ಡಿಎಎಫ್ ದಾನವನ್ನು ಮ್ಯಾಚ್ ಮಾಡದಿದ್ದರೆ, ನೇರವಾಗಿ ಕೊಟ್ಟಾಗ ಬರುತ್ತಿದ್ದ ವರ್ಷಕ್ಕೆ 6,000ದಂತೆ ನಾಲ್ಕು ವರ್ಷದ 24,000 ಡಾಲರ್ ನಿಮ್ಮ ಸಂಸ್ಥೆಗೆ ಖೋತಾ. ಎರಡು ಸಾವಿರ ಚಿಲ್ಲರೆ ತೆರಿಗೆ ಉಳಿಸಲು ಹೋಗಿ ಇಪ್ಪತ್ತನಾಲ್ಕು ಸಾವಿರವನ್ನು ಕಳೆಯುವ ಈ ವ್ಯವಹಾರವನ್ನು ಲೆಕ್ಕ ಬಲ್ಲ ಎಂಜಿನಿಯರುಗಳೇ ಮಾಡುತ್ತಿರುವುದನ್ನು ನೋಡಿದ್ದೇನೆ.

ಹಾಗಾದರೆ ಡಿಎಎಫ್ ಯಾರಿಗೆ? ಮ್ಯಾಚಿಂಗ್ ಮಿತಿಯನ್ನು ದಾಟಿ ಕೊಡುವವರಿಗೆ. ಕಂಪನಿ ಷೇರುಪೇಟೆಗೆ ಬಂದ ವರ್ಷದಂತೆ ಒಮ್ಮೆಲೇ ಆದಾಯ ಏರಿದವರಿಗೆ. ಎಲ್ಲಕ್ಕಿಂತ ಮುಖ್ಯವಾಗಿ, ಬೆಲೆ ಏರಿದ ಷೇರುಗಳು ಕೈಯಲ್ಲಿದ್ದು, ಕೊಡಬೇಕೆಂದಿರುವ ಚಿಕ್ಕ ಸಂಸ್ಥೆಗೆ ಷೇರು ಸ್ವೀಕರಿಸುವ ವ್ಯವಸ್ಥೆ ಇಲ್ಲದಿರುವಾಗ.

ಐದನೆಯ ಹೆಜ್ಜೆ: ಸರಿಯಾದ ಷೇರುಗಳನ್ನು ಆರಿಸಿ

ಒಂದು ವರ್ಷಕ್ಕಿಂತ ಹೆಚ್ಚು ಕಾಲ ಇಟ್ಟುಕೊಂಡ ಷೇರನ್ನು ದಾನ ಮಾಡಿದರೆ ಅಂದಿನ ಮಾರುಕಟ್ಟೆ ಬೆಲೆಗೆ ಕಡಿತ ಸಿಗುತ್ತದೆ, ಬೆಲೆ ಏರಿಕೆಗೆ ತೆರಿಗೆಯೂ ಇರುವುದಿಲ್ಲ. ಸಂಬಳದ ಜೊತೆಗೆ ಕಂಪನಿ ಕೊಡುವ ಷೇರುಗಳು (ಆರ್‌ಎಸ್‌ಯು) ಆದರೆ ಆ ವರ್ಷವನ್ನು ವೆಸ್ಟ್ ಆದ, ಅಂದರೆ ಷೇರು ನಿಮ್ಮದಾದ ದಿನದಿಂದ ಎಣಿಸಬೇಕು, ಗ್ರಾಂಟ್ ಆದ, ಅಂದರೆ ಕೊಡುವುದಾಗಿ ಕಂಪನಿ ಹೇಳಿದ ದಿನದಿಂದ ಅಲ್ಲ. ವೆಸ್ಟ್ ಆದ ದಿನದ ಬೆಲೆಯೇ ನಿಮ್ಮ ಖರೀದಿ ಬೆಲೆ. ಮೇಲಿನ ದಂಪತಿ 10,000ಕ್ಕೆ ಬಂದು ಈಗ 24,000 ಬಾಳುವ ಷೇರುಗಳನ್ನು ಕೊಟ್ಟರೆ 14,000 ಲಾಭದ ಮೇಲೆ 15 ಶೇಕಡಾದಂತೆ 2,100, ನಿವ್ವಳ ಹೂಡಿಕೆ ಆದಾಯದ ಮೇಲಿನ 3.8 ಶೇಕಡಾದಂತೆ 532, ಒಟ್ಟು 2,632 ಡಾಲರ್ ಫೆಡರಲ್ ತೆರಿಗೆ ತಪ್ಪುತ್ತದೆ. ಕ್ಯಾಲಿಫೋರ್ನಿಯಾದಂಥ ರಾಜ್ಯದ ತೆರಿಗೆ ಬೇರೆ.

ಒಂದು ವರ್ಷ ತುಂಬದ ಷೇರನ್ನು ಕೊಟ್ಟರೆ ಕಡಿತ ಖರೀದಿ ಬೆಲೆಗೆ ಇಳಿಯುತ್ತದೆ. ಬೆಲೆ ಬಿದ್ದ ಷೇರನ್ನು ಎಂದೂ ದಾನ ಮಾಡಬೇಡಿ. ಮಾರಿ, ನಷ್ಟವನ್ನು ತೆರಿಗೆಯಲ್ಲಿ ತೋರಿಸಿ, ಬಂದ ಹಣವನ್ನು ಕೊಡಿ. ಉದ್ಯೋಗಿಗಳು ಕಂಪನಿಯ ಯೋಜನೆಯಲ್ಲಿ ಕೊಳ್ಳುವ ಇಎಸ್‌ಪಿಪಿ ಷೇರುಗಳಿಗೆ ಖರೀದಿಯಿಂದ ಒಂದು ವರ್ಷ ಮತ್ತು ಆ ಯೋಜನೆಯ ಅವಧಿ ಆರಂಭವಾದಂದಿನಿಂದ ಎರಡು ವರ್ಷ ಎಂಬ ಎರಡೂ ಷರತ್ತುಗಳಿರುವುದರಿಂದ ನಾನು ಅವುಗಳನ್ನು ಮುಟ್ಟದೆ ಆರ್‌ಎಸ್‌ಯುವನ್ನೇ ಕೊಡುತ್ತೇನೆ. ಷೇರು ದಾನದ ಕಡಿತ ಆ ವರ್ಷದ ಆದಾಯದ 30 ಶೇಕಡಾ ಮೀರುವಂತಿಲ್ಲ, ನಗದಿಗೆ ಈ ಮಿತಿ 60. ಮಿಕ್ಕದ್ದನ್ನು ಮುಂದಿನ ಐದು ವರ್ಷಗಳಿಗೆ ಒಯ್ಯಬಹುದು.

ಆರನೆಯ ಹೆಜ್ಜೆ: ವರ್ಗಾವಣೆಯನ್ನು ನವೆಂಬರಿನಲ್ಲಿ ಮುಗಿಸಿ

ಬ್ರೋಕರೇಜ್ ಖಾತೆ ಮತ್ತು ಡಿಎಎಫ್ ಒಂದೇ ಬಳಗದಲ್ಲಿದ್ದರೆ ವರ್ಗಾವಣೆ ಬೇಗ ಆಗುತ್ತದೆ. ಬೇರೆ ಬೇರೆಯಾಗಿದ್ದರೆ ಫಾರ್ಮ್ ತುಂಬಿ, ಯಾವ ಲಾಟಿನ (ಒಟ್ಟಿಗೆ ಬಂದ ಷೇರುಗಳ ಗುಂಪಿನ) ಎಷ್ಟು ಷೇರು ಎಂದು ಬರೆದು ಕಳಿಸಬೇಕು. ದಾನದ ದಿನಾಂಕ ನೀವು ಸಹಿ ಹಾಕಿದ ದಿನವಲ್ಲ, ಷೇರು ಅವರ ಖಾತೆಗೆ ಸೇರಿದ ದಿನ. ಡಿಸೆಂಬರಿನ ಕೊನೆಯ ವಾರದಲ್ಲಿ ನಾನು ಕಳಿಸಿದ ಷೇರುಗಳು ಒಮ್ಮೆ ಜನವರಿ 3ರಂದು ತಲುಪಿ, ಆ ವರ್ಷಕ್ಕೆಂದು ಹಾಕಿದ ಲೆಕ್ಕವೆಲ್ಲ ಮುಂದಿನ ವರ್ಷಕ್ಕೆ ಸರಿದಿತ್ತು. ಲಾಟ್ ಆರಿಸದೆ ಬಿಟ್ಟರೆ ಬ್ರೋಕರೇಜ್ ತನ್ನ ಕ್ರಮದಂತೆ ಯಾವುದನ್ನೋ ಕಳಿಸಿಬಿಡಬಹುದು. ಕಂಪನಿಯ ಷೇರು ವಹಿವಾಟಿಗೆ ನಿರ್ಬಂಧವಿರುವ ದಿನಗಳಲ್ಲಿ ದಾನಕ್ಕೂ ನಿರ್ಬಂಧವಿದೆಯೇ ಎಂದು ಕಾನೂನು ವಿಭಾಗವನ್ನು ಕೇಳಿಕೊಳ್ಳಿ.

ಏಳನೆಯ ಹೆಜ್ಜೆ: ಖಾತೆಯಲ್ಲಿ ಹಣ ಕೊಳೆಯಲು ಬಿಡಬೇಡಿ

ಖಾಸಗಿ ಪ್ರತಿಷ್ಠಾನಗಳು ಪ್ರತಿ ವರ್ಷ ಸುಮಾರು 5 ಶೇಕಡಾ ವಿತರಿಸಲೇಬೇಕೆಂಬ ಕಾನೂನಿದೆ. ಡಿಎಎಫ್ ಖಾತೆಗೆ ಅಂಥ ಕಟ್ಟಳೆ ಇಲ್ಲ. ನಮಗೆ ತೆರಿಗೆ ಉಳಿದಾಗಿದೆ, ಶುಲ್ಕ ಮಾತ್ರ ಹೋಗುತ್ತಿದೆ, ಹಸಿದವರಿಗೆ ಇನ್ನೂ ಏನೂ ತಲುಪಿಲ್ಲ ಎಂಬ ಸ್ಥಿತಿ ಸರಿಯಲ್ಲ ಎಂಬುದು ನನ್ನ ದೃಢ ನಿಲುವು. ನಾನು ಪ್ರತಿ ಯುಗಾದಿಗೆ ಮನೆಯವರೊಂದಿಗೆ ಕೂತು ಆ ವರ್ಷದ ಹಂಚಿಕೆಯನ್ನು ತೀರ್ಮಾನಿಸುತ್ತೇನೆ, ಹಾಕಿದ ಹಣ ಐದು ವರ್ಷದೊಳಗೆ ಹೊರಹೋಗಬೇಕೆಂದು ನಿಯಮ ಮಾಡಿಕೊಂಡಿದ್ದೇನೆ.

ಈ ಹಣವನ್ನು ವ್ಯಕ್ತಿಗಳಿಗೆ ಕೊಡುವಂತಿಲ್ಲ, ಕಷ್ಟದಲ್ಲಿರುವ ಬಂಧುವಿಗೂ ಇಲ್ಲ. ಕಾರ್ಯಕ್ರಮದ ಟಿಕೆಟ್ಟು, ಸದಸ್ಯತ್ವದ ಸವಲತ್ತು, ಮಗುವಿನ ಶುಲ್ಕ ಇವಕ್ಕೂ ಬಳಸುವಂತಿಲ್ಲ. ನಿಮಗೆ ಲಾಭವಾಗುವಂತೆ ಬಳಸಿದರೆ ಆ ಲಾಭದ 125 ಶೇಕಡಾ ತೆರಿಗೆ ಬೀಳುತ್ತದೆ.

ಎಂಟನೆಯ ಹೆಜ್ಜೆ: ಕರ್ನಾಟಕಕ್ಕೆ ತಲುಪಿಸುವ ದಾರಿ

ಊರಿನ ಶಾಲೆಗೋ ಆಸ್ಪತ್ರೆಗೋ ಡಿಎಎಫ್‌ನಿಂದ ನೇರವಾಗಿ ಕಳಿಸುವುದು ಕಷ್ಟ, ಏಕೆಂದರೆ ವಿದೇಶಿ ಸಂಸ್ಥೆಗೆ ಕೊಡುವ ಮೊದಲು ಡಿಎಎಫ್ ಸಂಸ್ಥೆ ವಿಶೇಷ ಪರಿಶೀಲನೆ ನಡೆಸಬೇಕು. ಸುಲಭದ ದಾರಿ ಅಮೆರಿಕದಲ್ಲಿ ನೋಂದಾಯಿತವಾದ ಸೋದರ ಸಂಸ್ಥೆ: 2000ದಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಅಕ್ಷಯ ಪಾತ್ರೆಗೆ ಅಕ್ಷಯ ಪಾತ್ರ ಫೌಂಡೇಶನ್ ಯುಎಸ್‌ಎ ಇರುವಂತೆ. ಇವಕ್ಕೆ ಮ್ಯಾಚಿಂಗ್ ಕೂಡ ಸಾಮಾನ್ಯವಾಗಿ ಸಿಗುತ್ತದೆ.

ಭಾರತದ ಕಡೆಯಲ್ಲಿ, ವಿದೇಶಿ ಹಣ ಪಡೆಯುವ ಸಂಸ್ಥೆಗೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯಡಿ (ಎಫ್‌ಸಿಆರ್‌ಎ) ನೋಂದಣಿ ಇರಬೇಕು, ಹಣ ಮೊದಲು ಸ್ಟೇಟ್ ಬ್ಯಾಂಕಿನ ನವದೆಹಲಿ ಮುಖ್ಯ ಶಾಖೆಯ ಖಾತೆಗೇ ಬರಬೇಕು. 2020ರ ತಿದ್ದುಪಡಿಯ ನಂತರ ಹೀಗೆ ಬಂದ ಹಣವನ್ನು ಒಂದು ಸಂಸ್ಥೆ ಇನ್ನೊಂದಕ್ಕೆ ವರ್ಗಾಯಿಸುವಂತಿಲ್ಲ. ಬೆಂಗಳೂರಿನ ದೊಡ್ಡ ಸಂಸ್ಥೆಯ ಮೂಲಕ ಹಳ್ಳಿಯ ಚಿಕ್ಕ ಟ್ರಸ್ಟಿಗೆ ತಲುಪಿಸುವ ಹಳೆಯ ದಾರಿ ಮುಚ್ಚಿದೆ. ನಿಮ್ಮ ಊರಿನ ಟ್ರಸ್ಟಿಗೆ ನೋಂದಣಿ ಇಲ್ಲದಿದ್ದರೆ, ನೀವಿನ್ನೂ ಭಾರತೀಯ ಪಾಸ್‌ಪೋರ್ಟ್ ಹೊಂದಿದ್ದರೆ, ನಿಮ್ಮ ಸ್ವಂತ ಉಳಿತಾಯವನ್ನು ಬ್ಯಾಂಕಿನ ಮೂಲಕ ಕಳಿಸಬಹುದು. ಅದು ವಿದೇಶಿ ದೇಣಿಗೆಯಲ್ಲ. ಅಮೆರಿಕದ ಪೌರತ್ವ ಪಡೆದು ಒಸಿಐ ಕಾರ್ಡ್ ಹೊಂದಿರುವವರು ಕೊಟ್ಟರೆ ಅದು ವಿದೇಶಿ ದೇಣಿಗೆಯೇ. ಹೀಗೆ ಭಾರತಕ್ಕೆ ನೇರವಾಗಿ ಕಳಿಸಿದ್ದಕ್ಕೆ ಅಮೆರಿಕದಲ್ಲಿ ತೆರಿಗೆ ಕಡಿತವೂ ಇಲ್ಲ, ಮ್ಯಾಚಿಂಗೂ ಇಲ್ಲ.

ಒಂಬತ್ತನೆಯ ಹೆಜ್ಜೆ: ದಾಖಲೆಗಳು, ಮತ್ತು ಕೆಲಸ ಬಿಡುವ ಮುನ್ನ

250 ಡಾಲರ್ ಅಥವಾ ಹೆಚ್ಚಿನ ಪ್ರತಿ ದಾನಕ್ಕೂ ಸಂಸ್ಥೆಯ ಲಿಖಿತ ರಸೀದಿ ತೆರಿಗೆ ಸಲ್ಲಿಸುವ ಮೊದಲೇ ಕೈಯಲ್ಲಿರಬೇಕು. ಷೇರು ದಾನ 500 ಡಾಲರ್ ಮೀರಿದರೆ ಫಾರ್ಮ್ 8283 ತುಂಬಬೇಕು. ಡಿಎಎಫ್‌ನಿಂದ ಆಮೇಲೆ ಹೊರಹೋದ ಗ್ರಾಂಟುಗಳನ್ನು ಮತ್ತೆ ದಾನವೆಂದು ತೋರಿಸಬಾರದು, ಕಡಿತ ಒಂದೇ ಸಲ.

ಮ್ಯಾಚಿಂಗ್‌ಗೆ ದಾನದ ದಿನ ಮಾತ್ರವಲ್ಲ, ಕಂಪನಿ ಹಣ ಬಿಡುಗಡೆ ಮಾಡುವ ದಿನವೂ ನೀವು ಉದ್ಯೋಗದಲ್ಲಿರಬೇಕೆಂದು ಕೆಲವೆಡೆ ನಿಯಮವಿದೆ. ಬೇರೆ ಕೆಲಸ ಗೊತ್ತಾದ ಕೂಡಲೇ, ರಾಜೀನಾಮೆ ಪತ್ರಕ್ಕೂ ಮೊದಲು ಬಾಕಿ ಅರ್ಜಿಗಳನ್ನು ಮುಗಿಸಿ. ಡಿಎಎಫ್ ಖಾತೆ ಕಂಪನಿಗೆ ಅಂಟಿಕೊಂಡದ್ದಲ್ಲ. ನೀವು ಮೈಸೂರಿಗೋ ಹುಬ್ಬಳ್ಳಿಗೋ ಮರಳಿ ನೆಲೆಸಿದರೂ ಅಲ್ಲಿಂದಲೇ ಸಲಹೆ ನೀಡುತ್ತಿರಬಹುದು. ಕಡಿತವನ್ನು ಅಮೆರಿಕದ ಆದಾಯದ ಎದುರಿಗೆ ಮಾತ್ರ ಬಳಸಲು ಬರುವುದರಿಂದ, ಮರಳುವ ಯೋಚನೆಯಿರುವವರು ಅಮೆರಿಕದಲ್ಲಿ ಪೂರ್ಣ ಸಂಬಳ ಪಡೆಯುವ ಕೊನೆಯ ವರ್ಷದಲ್ಲೇ ಷೇರುಗಳನ್ನು ಹಾಕಿಬಿಡಬೇಕು, ಖಾತೆಗೆ ಉತ್ತರಾಧಿಕಾರಿಯ ಹೆಸರನ್ನೂ ಆಗಲೇ ಬರೆಸಿಡಬೇಕು.